ಲಗೋರಿಗೆ ರೆಫರಿ ಬಂದ ಮೇಲೆ

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘ದೇಸಿ ಆಟಗಳ ದಿನ’ ಇಟ್ಟುಕೊಂಡಿದ್ದರು. ಪಾರ್ಕಿಂಗ್ ಪಕ್ಕದ ಟೈಲ್ಸ್ ಹಾಕಿದ ಜಾಗದಲ್ಲಿ ಲಗೋರಿ. ಚಪ್ಪಟೆ ಕಲ್ಲುಗಳ ಬದಲು ಆನ್‌ಲೈನಿನಲ್ಲಿ ತರಿಸಿದ ಏಳು ಬಣ್ಣದ ಮರದ ಬಿಲ್ಲೆಗಳು. ಕೊರಳಿಗೆ ಸೀಟಿ ನೇತುಹಾಕಿಕೊಂಡ ಒಬ್ಬ ಕೋಚ್. ಒಂದು ಹುಡುಗಿ ಕೊನೆಯ ಬಿಲ್ಲೆ ಇಟ್ಟು ‘ಲಗೋರಿ’ ಅಂತ ಕೂಗಿದಳು. ಅದೇ ಹೊತ್ತಿಗೆ ಚೆಂಡು ಅವಳ ಬೆನ್ನಿಗೆ ಬಿತ್ತು. ಕೂಗಿದ್ದು ಮೊದಲೋ, ಚೆಂಡು ಬಿದ್ದದ್ದು ಮೊದಲೋ? ಎರಡೂ ಕಡೆಯವರು ಬಾಯಿ ತೆರೆಯುವಷ್ಟರಲ್ಲಿ ಕೋಚ್ ಸೀಟಿ ಊದಿ ‘ಔಟ್’ ಅಂದರು. ಮುಗೀತು. ಮಕ್ಕಳು ಸುಮ್ಮನೆ ಜಾಗ ಬದಲಾಯಿಸಿದರು. ಹತ್ತು ನಿಮಿಷಕ್ಕೆ ಮುಂದಿನ ಆಟ, ಕುಂಟೆಬಿಲ್ಲೆ.

ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು, ‘ಇದೇನ್ರೀ, ಜಗಳನೇ ಆಗ್ಲಿಲ್ವಲ್ಲ!’ ಅಂದರು. ತಮಾಷೆಗೆ ಅಂದದ್ದು. ನನಗೆ ಮಾತ್ರ ಆ ಮಾತು ಅಂಟಿಕೊಂಡುಬಿಟ್ಟಿತು.

ಮಕ್ಕಳ ಆಟದ ಬಗ್ಗೆ ಈಗ ಎಲ್ಲರಿಗೂ ಚಿಂತೆ. ವಿಶ್ವಸಂಸ್ಥೆ 2024ರ ಮಾರ್ಚ್‌ನಲ್ಲಿ, ಜೂನ್ 11 ಇನ್ನು ಮುಂದೆ ಅಂತರರಾಷ್ಟ್ರೀಯ ಆಟದ ದಿನ ಅಂತ ಘೋಷಿಸಿತು. ಚೀನಾ 2021ರಲ್ಲೇ 18 ತುಂಬದವರ ಆನ್‌ಲೈನ್ ಗೇಮ್‌ಗೆ ಕಡಿವಾಣ ಹಾಕಿತು. ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9, ಅಷ್ಟೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ. ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯ 2022ರಲ್ಲಿ 75 ದೇಸಿ ಆಟಗಳನ್ನು ಶಾಲೆಗೆ ತರುವುದಾಗಿ ಹೇಳಿತು. ವಾಟ್ಸ್ಆ್ಯಪ್‌ನಲ್ಲಂತೂ ವಾರಕ್ಕೊಂದು ಸಲ ‘ಇವನ್ನು ಆಡಿದವರೇ ಪುಣ್ಯವಂತರು’ ಅಂತ ಗೋಲಿ, ಬುಗುರಿ, ಚಿಣ್ಣಿದಾಂಡಿನ ಫೋಟೋ ಬರುತ್ತೆ.

ಎಲ್ಲರೂ ಹೇಳುವುದು ಒಂದೇ: ಆಟಗಳು ಕಳೆದುಹೋಗುತ್ತಿವೆ, ಫೋನ್ ತಿಂದುಹಾಕಿತು, ಮತ್ತೆ ಕಲಿಸಬೇಕು. ನನಗೆ ಇದು ಅರ್ಧ ಸರಿ ಅನ್ನಿಸುತ್ತೆ. ಮಕ್ಕಳ ಆಟಗಳ ಇತಿಹಾಸ ನೋಡಿದರೆ ಆಟಗಳು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ವೇಷ ಬದಲಾಯಿಸುತ್ತವೆ, ದೇಶ ಬದಲಾಯಿಸುತ್ತವೆ. ಈಗ ಕೈತಪ್ಪುತ್ತಿರುವುದು ಬೇರೆ. ಆಟದ ಮೇಲೆ ಮಕ್ಕಳಿಗಿದ್ದ ಯಜಮಾನಿಕೆ.

ಮೊದಲ ಪಟ್ಟಿಯೇ ‘ಆಡಬೇಡಿ’ ಪಟ್ಟಿ

ಭಾರತದ ಆಟಗಳ ಹಳೆಯ ಪಟ್ಟಿಗಳಲ್ಲಿ ಒಂದು ಸಿಗುವುದು ಪಾಳಿ ಭಾಷೆಯ ಬೌದ್ಧ ಗ್ರಂಥ ದೀಘನಿಕಾಯದ ಮೊದಲ ‘ಸುತ್ತ’ದಲ್ಲಿ, ಅಂದರೆ ಮೊದಲ ಪ್ರವಚನದಲ್ಲಿ. ಕೆಲವು ಸಾಧುಗಳು ಹೊತ್ತು ಕಳೆಯುವ ಆಟಗಳಲ್ಲಿ ಮುಳುಗಿರುತ್ತಾರೆ, ಬುದ್ಧ ಅಂಥವನ್ನು ಆಡುವುದಿಲ್ಲ ಅಂತ ಹೇಳುತ್ತಾ ಅದು ಒಂದೊಂದೇ ಹೆಸರು ಕೊಡುತ್ತದೆ. ಎಂಟು ಮನೆಯ ಪಟ, ಹತ್ತು ಮನೆಯ ಪಟ. ಅದೇ ಪಟವನ್ನು ಗಾಳಿಯಲ್ಲಿ ಊಹಿಸಿಕೊಂಡು ಆಡುವುದು. ನೆಲದ ಮೇಲೆ ಗೆರೆ ಬರೆದು, ತುಳಿಯಬಾರದ ಕಡೆ ತುಳಿಯದೆ ನಡೆಯುವುದು. ಲಾಗ ಹಾಕುವುದು. ಆಟದ ನೇಗಿಲು, ಆಟದ ಗಾಡಿ, ಆಟದ ಬಿಲ್ಲು, ಗಾಳಿಗೆ ತಿರುಗುವ ಗಿರಗಿಟ್ಲೆ. ಬೆನ್ನ ಮೇಲೋ ಗಾಳಿಯಲ್ಲೋ ಬರೆದ ಅಕ್ಷರ ಯಾವುದು ಅಂತ ಹೇಳುವುದು. ಈ ಕೊನೆಯದನ್ನು ನಾವು ಕ್ಲಾಸಿನ ಕೊನೇ ಬೆಂಚಿನಲ್ಲಿ ಎಷ್ಟು ಸಲ ಆಡಿಲ್ಲ!

ಆ ಪಟ್ಟಿಯಲ್ಲಿ ‘ಘಟಿಕ’ ಅಂತ ಒಂದು ಪದ ಬರುತ್ತದೆ. ಐದನೇ ಶತಮಾನದ ವ್ಯಾಖ್ಯಾನಕಾರ ಬುದ್ಧಘೋಷ ಅದಕ್ಕೆ ಕೊಡುವ ಅರ್ಥ, ಉದ್ದ ಕೋಲಿನಿಂದ ಗಿಡ್ಡ ಕೋಲನ್ನು ಹೊಡೆಯುವ ಆಟ. ಅಂದ್ರೆ ನಮ್ಮ ಚಿಣ್ಣಿದಾಂಡು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಟಿಪ್‌ಕ್ಯಾಟ್’ ಅಂತಿದ್ದರು, ಇಟಲಿಯಲ್ಲಿ ‘ಲಿಪ್ಪಾ’. ಒಂದು ಕೋಲು, ಒಂದು ತುಂಡು ಕೋಲು ಸಿಕ್ಕಿದ ಕಡೆಯಲ್ಲೆಲ್ಲ ಈ ಆಟ ಹುಟ್ಟಿರಬಹುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿರಲೇಬೇಕು ಅಂತೇನಿಲ್ಲ.

ಗೊಂಬೆಗಾಡಿಯ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಮಣ್ಣಿನ ಪುಟ್ಟ ಎತ್ತಿನಗಾಡಿಗಳು, ಹಕ್ಕಿಯ ಆಕಾರದ ಪೀಪಿಗಳು, ಗೋಲಿಯಂಥ ಗುಂಡುಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು.

ಹಾಗಂತ ಎಲ್ಲ ಆಟಕ್ಕೂ ಮಹಾಭಾರತ ಕಾಲದ ಸರ್ಟಿಫಿಕೇಟ್ ಹಚ್ಚುವ ಚಾಳಿ ನನಗೆ ಒಗ್ಗುವುದಿಲ್ಲ. ಇದು ನಮ್ಮೊಬ್ಬರ ಚಾಳಿಯೂ ಅಲ್ಲ. ಕುಂಟೆಬಿಲ್ಲೆಯನ್ನು ರೋಮನ್ ಸೈನಿಕರು ತರಬೇತಿಗಾಗಿ ಕಂಡುಹಿಡಿದರು ಅಂತ ಇಂಗ್ಲಿಷಿನಲ್ಲಿ ಸಾವಿರ ಕಡೆ ಬರೆದಿದ್ದಾರೆ. ಪುರಾವೆ ಇಲ್ಲ. ಇಂಗ್ಲೆಂಡಿನಲ್ಲಿ ಆ ಆಟದ ಉಲ್ಲೇಖ ಬರಹದಲ್ಲಿ ಸಿಗುವುದೇ 17ನೇ ಶತಮಾನದಲ್ಲಿ. ನಮ್ಮ ಎಲ್‌ಕೆಜಿ ಮಕ್ಕಳೂ ಕೈ ಕೈ ಹಿಡಿದು ಸುತ್ತುವ ‘ರಿಂಗಾ ರಿಂಗಾ ರೋಸಸ್’ ಲಂಡನ್ನಿನ 1665ರ ಪ್ಲೇಗಿನ ಹಾಡು ಅನ್ನುವ ಕಥೆ ನೀವೂ ಕೇಳಿರುತ್ತೀರಿ. ಆ ಪದ್ಯ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1881ರಲ್ಲಿ. ಪ್ಲೇಗಿನ ಅರ್ಥ ಹಬ್ಬಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಮಕ್ಕಳು ಸುಮ್ನೆ ಬೀಳೋದಕ್ಕೆ ಬೀಳುತ್ತಾರೆ ಅಂದರೆ ದೊಡ್ಡವರಿಗೆ ಸಮಾಧಾನ ಇಲ್ಲ. ಅದಕ್ಕೊಂದು ಘನವಾದ ಕಾರಣ ಬೇಕು.

ಮಣೆಯ ಸುತ್ತ ಅರ್ಧ ಜಗತ್ತು

ನಿಜವಾಗಿ ಪ್ರಯಾಣ ಮಾಡಿದ ಆಟ ಬೇಕು ಅಂದರೆ ಅಳಗುಳಿ ಮಣೆ ನೋಡಿ. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಸೆ ಬೀಜ, ಗುಲಗಂಜಿ, ಏನು ಸಿಕ್ಕರೆ ಅದು. ಒಂದು ಗುಳಿಯ ಬೀಜವೆಲ್ಲ ಬಾಚಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿತ್ತುತ್ತಾ ಹೋಗುವುದು. ಇದೇ ಬಿತ್ತನೆಯ ಆಟ ಘಾನಾದಲ್ಲಿ ‘ಒವಾರೆ’, ಇಥಿಯೋಪಿಯಾದಲ್ಲಿ ‘ಗೆಬೆಟಾ’, ಫಿಲಿಪ್ಪೀನ್ಸ್‌ನಲ್ಲಿ ‘ಸುಂಗ್ಕಾ’, ಇಂಡೊನೇಷ್ಯಾದಲ್ಲಿ ‘ಚೊಂಗ್ಕ್ಲಾಕ್’. ಪೂರ್ವ ಆಫ್ರಿಕಾದ ಸ್ವಾಹಿಲಿ ಜನ ಇದನ್ನು ‘ಬಾವೊ’ ಅನ್ನುತ್ತಾರೆ. ಬಾವೊ ಅಂದರೆ ಹಲಗೆ. ನಾವು ಮಣೆ ಅಂದೆವು, ಅವರು ಹಲಗೆ ಅಂದರು. ಗುಲಾಮರಾಗಿ ಕರಿಬಿಯನ್ ದ್ವೀಪಗಳಿಗೆ ಸಾಗಿಸಲ್ಪಟ್ಟ ಆಫ್ರಿಕನ್ನರು ಕೈಯಲ್ಲಿ ಏನೂ ಇಲ್ಲದೆ ಹೋದವರು. ಆದರೂ ಈ ಆಟ ಅವರ ಜೊತೆ ಹೋಯಿತು. ಆಂಟಿಗುವಾದಲ್ಲಿ ಇವತ್ತೂ ‘ವಾರಿ’ ಅಂತ ಆಡುತ್ತಾರೆ. ನೆಲದಲ್ಲಿ ಗುಳಿ ತೋಡಿದರೆ ಮಣೆ ತಯಾರು. ಆಟ ಇದ್ದದ್ದು ತಲೆಯಲ್ಲಿ.

ಐದು ಕಲ್ಲಿನ ಆಟವೂ ಹೀಗೇ. ಕೆಲವು ಕಡೆ ಅಚ್ಚಿಕಲ್ಲು, ಉತ್ತರ ಕರ್ನಾಟಕದ ಕಡೆ ಗಜಗ. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟಲಿಯ ಕಾಪುವಾದಿಂದ ಬಂದ ಒಂದು ಮಣ್ಣಿನ ಶಿಲ್ಪ ಇದೆ, ಕ್ರಿಸ್ತಪೂರ್ವ 300ರ ಆಸುಪಾಸಿನದು. ಇಬ್ಬರು ಹೆಂಗಸರು ಎದುರುಬದುರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಕುರಿಯ ಕಾಲಿನ ಗೆಣ್ಣಿನ ಮೂಳೆ ಎಸೆದು ಆಡುವ ಆಟದಲ್ಲಿ ಮುಳುಗಿದ್ದಾರೆ. ಸೀರೆ ಉಡಿಸಿದರೆ ನಮ್ಮ ಹಟ್ಟಿಯಂಗಳದವರೇ. ಕೊರಿಯಾದ ಮಕ್ಕಳು ಇದನ್ನೇ ‘ಗೊಂಗಿ’ ಅಂತ ಈಗ ಪ್ಲಾಸ್ಟಿಕ್ ಕಲ್ಲಿನಲ್ಲಿ ಆಡುತ್ತಾರೆ. ಒಂದೊಂದು ಎತ್ತುವುದು, ಎರಡೆರಡು ಎತ್ತುವುದು, ಮೂರು ಒಂದು, ನಾಲ್ಕೂ ಒಟ್ಟಿಗೆ, ಕೊನೆಗೆ ಮುಂಗೈ ಮೇಲೆ ಹಿಡಿಯುವುದು. ಕ್ರಮ ಹೆಚ್ಚುಕಡಿಮೆ ನಮ್ಮದೇ.

ಇನ್ನೊಂದು ವಿಷಯ. ಇವತ್ತು ನಾವು ‘ಮಕ್ಕಳ ಆಟ’ ಅನ್ನುವ ಎಷ್ಟೋ ಆಟಗಳು ಮೊದಲು ಮಕ್ಕಳದ್ದಾಗಿರಲೇ ಇಲ್ಲ. ಪಚ್ಚೀಸಿ ಅರಮನೆಯ ಆಟ. ಫತೇಪುರ್ ಸಿಕ್ರಿಯಲ್ಲಿ ಅಕ್ಬರನ ಅಂಗಳದ ಕಲ್ಲುಹಾಸಿನ ಮೇಲೇ ಅದರ ಪಟ ಇದೆ. ಅದೇ ಆಟ 1870ರ ದಶಕದಲ್ಲಿ ಅಮೆರಿಕದಲ್ಲಿ ‘ಪಾರ್ಚೀಸಿ’ ಆಯಿತು, 1896ರಲ್ಲಿ ಇಂಗ್ಲೆಂಡಿನಲ್ಲಿ ‘ಲೂಡೋ’ ಅಂತ ಪೇಟೆಂಟ್ ಆಯಿತು. ಆಮೇಲೆ ರಟ್ಟಿನ ಡಬ್ಬಿಯಲ್ಲಿ ಕೂತು ನಮ್ಮ ಮನೆಗೇ ವಾಪಸ್ ಬಂತು. ಪರಮಪದದ ಪಟವೂ ದೊಡ್ಡವರಿಗೆ ಪಾಪಪುಣ್ಯದ ಪಾಠ ಹೇಳಲು ಆಗಿದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಆಟ ಕಟ್ಟುವುದರಲ್ಲಿ ಎಂಥ ರಸಿಕ ಅಂದರೆ, ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಲ್ಲಿ ಒಂದಾದ ಕೌತುಕನಿಧಿ ಪೂರ್ತಿ ಆಟಗಳಿಗೇ ಮೀಸಲು. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಸಾಲುಮನೆ ಆಟದ, ಆಡು ಹುಲಿ ಆಟದ ಗೆರೆಗಳು ಕಾಣುತ್ತವೆ. ಇಂಗ್ಲೆಂಡಿನ ಕ್ಯಾಂಟರ್ಬರಿ, ವೆಸ್ಟ್‌ಮಿನ್‌ಸ್ಟರ್ ಚರ್ಚುಗಳ ಕಲ್ಲುಬೆಂಚುಗಳ ಮೇಲೂ ಅದೇ ಸಾಲುಮನೆಯ ಚೌಕದೊಳಗಿನ ಚೌಕ. ದೇವಸ್ಥಾನವೋ ಚರ್ಚೋ, ಪ್ರವಚನ ಕೇಳುತ್ತಾ ಬೇಜಾರಾದವರು ಎಲ್ಲ ಕಾಲದಲ್ಲೂ ಇದ್ದರು ಅಂತ ಕಾಣುತ್ತೆ.

ದೊಡ್ಡವರು ಬಿಟ್ಟ ಆಟವನ್ನು ಮಕ್ಕಳು ಎತ್ತಿಕೊಂಡರು. ಎತ್ತಿಕೊಂಡು ಅರಮನೆಯ ನಿಯಮ ಬಿಟ್ಟು ತಮ್ಮದು ಹಾಕಿದರು. ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದೈದು ಮನೆಯ ಚೌಕವನ್ನು ಸೀಮೆಸುಣ್ಣದಲ್ಲಿ ಬರೆಯಬೇಕು, ಗಟ್ಟಿಮನೆಗಳಿಗೆ ಗುಣಿಸು ಗುರುತು ಹಾಕಬೇಕು. ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಂಡರೆ ಆಯ್ತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಕಾಯಿ ಸುತ್ತಿ ಸುತ್ತಿ ನಡುಮನೆ ಸೇರಿದರೆ ಹಣ್ಣು. ಇಷ್ಟು ಎಲ್ಲರಿಗೂ ಒಂದೇ. ಇನ್ನೊಬ್ಬರ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಹುದಾ? ಗೋಡೆಗೆ ತಗುಲಿ ಓರೆ ನಿಂತ ಬೀಜ ಲೆಕ್ಕಕ್ಕೆ ಬರುತ್ತಾ? ಇಲ್ಲಿ ಮನೆಮನೆಗೂ ಕಾನೂನು ಬೇರೆ. ರಜೆಗೆ ಅಜ್ಜಿ ಊರಿಗೆ ಹೋದ ಮಗು ಮೊದಲ ದಿನ ‘ನಮ್ಮನೇಲಿ ಹಂಗಲ್ಲ’ ಅಂತಲೇ ಆಟ ಶುರು ಮಾಡುತ್ತದೆ.

ಅರ್ಧ ಆಟ, ಅರ್ಧ ಪಂಚಾಯ್ತಿ

ನನ್ನ ವಾದ ನಿಂತಿರುವುದು ಇಲ್ಲೇ. ‘ನಮ್ಮನೇಲಿ ಹಂಗಲ್ಲ’ ಅನ್ನುವುದು ಆಟಕ್ಕೆ ಬಂದ ಅಡ್ಡಿ ಅಲ್ಲ. ಅದೂ ಆಟವೇ.

ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಗೋಲಿಯಾಟದಲ್ಲಿ ಕಂಡರು. ಮಕ್ಕಳ ನ್ಯಾಯಪ್ರಜ್ಞೆ ಹೇಗೆ ಬೆಳೆಯುತ್ತದೆ ಅಂತ ತಿಳಿಯಲು ಜಿನೀವಾ ಮತ್ತು ನ್ಯೂಶಾಟೆಲ್‌ನ ಹುಡುಗರ ಮುಂದೆ ಗೋಲಿಗಳನ್ನಿಟ್ಟು, ನಾನು ಚಿಕ್ಕವನಿದ್ದಾಗ ಆಡುತ್ತಿದ್ದೆ, ಈಗ ಮರೆತುಹೋಗಿದೆ, ಹೇಳಿಕೊಡು ಅಂತ ಕೇಳುತ್ತಿದ್ದರು. 1932ರಲ್ಲಿ ಅದು ಪುಸ್ತಕವಾಗಿ ಬಂತು. ಆರೇಳು ವರ್ಷದವರು, ನಿಯಮ ಅಪ್ಪನೋ ದೇವರೋ ಮಾಡಿದ್ದು, ಬದಲಾಯಿಸೋ ಹಾಗಿಲ್ಲ ಅನ್ನುತ್ತಿದ್ದರು. ತಮಾಷೆ ಅಂದರೆ, ಆಡುವಾಗ ಅದೇ ಮಕ್ಕಳು ಆ ನಿಯಮವನ್ನು ಮನಸ್ಸಿಗೆ ಬಂದಂತೆ ಮುರಿಯುತ್ತಿದ್ದರು. ಹತ್ತು ಹನ್ನೊಂದು ದಾಟಿದವರ ಮಾತು ಬೇರೆ: ನಿಯಮ ನಾವೇ ಮಾಡಿದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು. ಹೀಗೆ ಹೇಳಿದವರೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಪಿಯಾಜೆ ಗುರುತಿಸಿದ ಒಂದು ಸೂಕ್ಷ್ಮ ನನಗೆ ಬಹಳ ಇಷ್ಟ. ಗೋಲಿಯಾಟದಲ್ಲಿ ಹನ್ನೆರಡು ಹದಿಮೂರರ ಹುಡುಗರೇ ಎಲ್ಲರಿಗಿಂತ ಹಿರಿಯರು. ಆಮೇಲೆ ಆ ಆಟ ಬಿಟ್ಟುಬಿಡುತ್ತಾರೆ. ಹಾಗಾಗಿ ಅಲ್ಲಿ ಅವರ ಮೇಲೆ ಯಾರೂ ಇಲ್ಲ. ಶಾಲೆಯಲ್ಲಿ, ಮನೆಯಲ್ಲಿ ಎಲ್ಲ ಕಡೆ ಚಿಕ್ಕವರಾದವರು ಗೋಲಿಯ ಗುಂಡಿಯ ಹತ್ತಿರ ಮಾತ್ರ ನ್ಯಾಯಾಧೀಶರು.

ಹುಡುಗಿಯರ ಆಟಗಳಲ್ಲಿ ಇಂಥ ಕಾನೂನುಪ್ರಜ್ಞೆ ಕಡಿಮೆ ಅಂತಲೂ ಪಿಯಾಜೆ ಬರೆದರು. ಪಾಪ, ಅವರು ಐದು ಕಲ್ಲಿನ ಆಟ ನೋಡಿರಲಿಲ್ಲ ಅಂತ ಕಾಣುತ್ತೆ. ಒಂದು ಕಲ್ಲು ಎತ್ತುವಾಗ ಪಕ್ಕದ ಕಲ್ಲು ಅಲುಗಿತೋ ಇಲ್ಲವೋ ಅನ್ನುವುದರ ಮೇಲೆ ನಮ್ಮ ಜಗಲಿಗಳಲ್ಲಿ ನಡೆದಷ್ಟು ವಾದ ಹೈಕೋರ್ಟಿನಲ್ಲೂ ನಡೆದಿರಲಿಕ್ಕಿಲ್ಲ.

ಇಂಗ್ಲೆಂಡಿನ ದಂಪತಿ ಐಯೋನಾ ಮತ್ತು ಪೀಟರ್ ಓಪಿ ಯಾವ ವಿಶ್ವವಿದ್ಯಾಲಯದವರೂ ಅಲ್ಲ. ಸ್ವಂತ ಆಸಕ್ತಿಯಿಂದ 70 ಶಾಲೆಗಳ ಸುಮಾರು 5,000 ಮಕ್ಕಳಿಂದ ಆಟದ ಮಾತುಗಳನ್ನು ಸಂಗ್ರಹಿಸಿ 1959ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ನಕ್ಷೆ ಇದೆ. ಮುಟ್ಟಾಟದ ನಡುವೆ ಸುಸ್ತಾದಾಗ, ಚಪ್ಪಲಿ ಕಿತ್ತಾಗ, ‘ಈಗ ಮುಟ್ಟಬೇಡ’ ಅಂತ ಹೇಳಲು ಯಾವ ಊರಿನ ಮಕ್ಕಳು ಯಾವ ಪದ ಬಳಸುತ್ತಾರೆ ಅನ್ನುವ ನಕ್ಷೆ. ಒಂದು ಕಡೆ ‘ಬಾರ್ಲಿ’, ಇನ್ನೊಂದು ಕಡೆ ‘ಫೇನೈಟ್ಸ್’, ಮತ್ತೊಂದು ಕಡೆ ‘ಕಿಂಗ್ಸ್’. ಬೆರಳ ಮೇಲೆ ಬೆರಳು ಹಾಕಿ ಹಾಗಂದರೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಅದು ‘ಟೈಂ ಪ್ಲೀಸ್’. ಈ ಕಾನೂನನ್ನು ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಮಕ್ಕಳಿಂದ ಮಕ್ಕಳಿಗೆ ಬಂತು.

ಕನ್ನಡ ಮಕ್ಕಳು ಮಾಡಿಕೊಂಡ ಕಾನೂನುಗಳಲ್ಲಿ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುವುದಕ್ಕೆ. ಈಗ ಅದನ್ನು ರಾಜಕಾರಣಿಗಳನ್ನು ಗೇಲಿ ಮಾಡಲು ಬಳಸುತ್ತೇವೆ. ಮೂಲದಲ್ಲಿ ಅದು ಎಷ್ಟು ಜಾಣ ಏರ್ಪಾಡು ನೋಡಿ. ನಾಲ್ಕು ವರ್ಷದ ತಮ್ಮನನ್ನು ಅಮ್ಮ ಅಂಟಿಸಿ ಕಳಿಸಿದ್ದಾಳೆ. ಅವನು ಓಡಲಾರ. ಬಿಟ್ಟರೆ ಅಳುತ್ತಾನೆ, ಅತ್ತರೆ ಆಟವೇ ನಿಲ್ಲುತ್ತೆ. ಸೇರಿಸಿಕೊಂಡರೆ ತಂಡ ಸೋಲುತ್ತೆ. ಹಾಗಾಗಿ ಅವನು ಓಡಬಹುದು, ಕೂಗಬಹುದು, ಮುಟ್ಟಿದರೂ ಔಟ್ ಇಲ್ಲ. ಮರಾಠಿ ಮಕ್ಕಳು ಇಂಥವನನ್ನು ‘ಲಿಂಬೂಟಿಂಬೂ’ ಅನ್ನುತ್ತಾರೆ, ತಮಿಳರು ‘ಒಪ್ಪುಕ್ಕು ಚಪ್ಪಾಣಿ’. ಆ ಚಿಕ್ಕವನು ಒಂದೆರಡು ವರ್ಷ ಲೆಕ್ಕಕ್ಕಿಲ್ಲದೆ ಆಡಿ ಆಡಿಯೇ ಆಟ ಕಲಿಯುತ್ತಿದ್ದ. ಒಂದು ದಿನ ‘ಇನ್ಮೇಲೆ ನಾನೂ ಲೆಕ್ಕಕ್ಕೆ’ ಅಂತ ಜಗಳ ತೆಗೆಯುತ್ತಿದ್ದ. ಅದೇ ಅವನ ಪ್ರಮೋಷನ್ನು.

ಜಗಳವನ್ನು ನಾನು ಸುಮ್ನೆ ಹೊಗಳುತ್ತಿಲ್ಲ. ಅದು ಅಪಾಯವೂ ಹೌದು, ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. ತುಳುನಾಡಿನಲ್ಲಿ ಅಳಗುಳಿ ಮಣೆಗೆ ಚೆನ್ನೆಮಣೆ ಅನ್ನುತ್ತಾರೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹೊರಗೆ ಕೆಲಸ ಇಲ್ಲದಾಗ ಆಡುವ ಆಟ. ಆದರೆ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು ಅಂತ ನಂಬಿಕೆ. ತುಳುವಿನ ಜನಪದ ಕಾವ್ಯ ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿ ಅಬ್ಬಗ ದಾರಗ ಚೆನ್ನೆ ಆಡಲು ಕೂರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ, ಒಬ್ಬಳು ಮಣೆಯಿಂದಲೇ ಹೊಡೆದುಬಿಡುತ್ತಾಳೆ. ಇನ್ನೊಬ್ಬಳು ಸಾಯುತ್ತಾಳೆ. ಹೊಡೆದವಳೂ ಬಾವಿಗೆ ಹಾರುತ್ತಾಳೆ. ಹುಣಸೆ ಬೀಜದ ಆಟಕ್ಕೆ ಎರಡು ಜೀವ. ಅಷ್ಟಾದರೂ ತುಳುವರು ಮಣೆಯನ್ನು ಒಲೆಗೆ ಹಾಕಲಿಲ್ಲ. ಯಾರ ಜೊತೆ ಆಡಬಾರದು ಅಂತ ಒಂದು ನಿಯಮ ಮಾಡಿಕೊಂಡು ಆಟ ಮುಂದುವರಿಸಿದರು.

ಹಾಗಾದರೆ ಮಕ್ಕಳನ್ನು ಬೀದಿಯಿಂದ ಎಬ್ಬಿಸಿದ್ದು ಯಾರು?

ಫೋನು ಅನ್ನುವುದು ತಟ್ಟನೆ ಬರುವ ಉತ್ತರ. ಆದರೆ ಫೋನ್ ಬರುವ ಹೊತ್ತಿಗೆ ಬೀದಿ ಆಗಲೇ ಖಾಲಿಯಾಗಿತ್ತು.

ವಿಯೆನ್ನಾದ ಮ್ಯೂಸಿಯಂನಲ್ಲಿ ನೆದರ್‌ಲ್ಯಾಂಡ್ಸ್ ಸೀಮೆಯ ಚಿತ್ರಕಾರ ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ಒಂದು ಚಿತ್ರ ಇದೆ. 200ಕ್ಕೂ ಹೆಚ್ಚು ಮಕ್ಕಳು, 80ಕ್ಕೂ ಹೆಚ್ಚು ಆಟ. ಚಕ್ರ ಹೊಡೆಯುವವರು, ಬುಗುರಿ ತಿರುಗಿಸುವವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ಮರಗಾಲು ಕಟ್ಟಿಕೊಂಡವರು, ಕುಪ್ಪಳಿಸಿ ಬೆನ್ನು ದಾಟುವವರು. ಎಲ್ಲರೂ ಊರಿನ ನಡುಬೀದಿಯಲ್ಲಿ. ಆಟಕ್ಕೆ ಬೇರೆ ಜಾಗ ಅಂತ ಇಲ್ಲ, ಊರೇ ಜಾಗ.

ಅದೇ ನೆದರ್‌ಲ್ಯಾಂಡ್ಸ್ ಸೀಮೆಯಲ್ಲಿ ನಾಲ್ಕು ಶತಮಾನದ ನಂತರ ಏನಾಯಿತು? 1971ರ ಒಂದೇ ವರ್ಷ ಆ ಪುಟ್ಟ ದೇಶದಲ್ಲಿ ಸುಮಾರು 3,300 ಜನ ರಸ್ತೆ ಅಪಘಾತದಲ್ಲಿ ಸತ್ತರು. 400ಕ್ಕೂ ಹೆಚ್ಚು ಜನ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಜನ ರಸ್ತೆಗೆ ಇಳಿದರು. ಮನೆಬೀದಿಗಳಲ್ಲಿ ಕಾರು ನಡಿಗೆಯ ವೇಗದಲ್ಲೇ ಹೋಗಬೇಕು, ಮಕ್ಕಳು ರಸ್ತೆಯಲ್ಲೇ ಆಡಬಹುದು ಅನ್ನುವ ‘ವೂನರ್ಫ್’ ಬೀದಿಗಳಿಗೆ 1976ರಲ್ಲಿ ಅಲ್ಲಿ ಕಾನೂನಿನ ಬಲ ಸಿಕ್ಕಿತು.

ನಮ್ಮಲ್ಲಿ ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಆಡುವ ಬೀದಿಯಲ್ಲಿ ಈಗ ನಿಂತಿರುವುದು ಕಾರು. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲು ಕರ್ನಾಟಕದಲ್ಲಿ 1985ರಿಂದಲೇ ಒಂದು ಕಾಯ್ದೆ ಇದೆ. ಅದು ಉಳಿಸಿಕೊಟ್ಟ ಪಾರ್ಕಿನ ಗೇಟಿನ ಮೇಲೆ ಏನು ಬರೆದಿರುತ್ತೆ? ‘ಚೆಂಡಾಟ ನಿಷೇಧಿಸಿದೆ’. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅನ್ನುತ್ತದೆ. ಮನೆಯ ಪಾರ್ಕಿಂಗಿನಲ್ಲಿ ನಡೆಯುವ ಶಾಲೆಗಳನ್ನು ನೀವೂ ನೋಡಿದ್ದೀರಿ.

ಜಾಗದ ಮಾತು ಸರಿ. ಜೊತೆಗೆ ತಲೆಗಳ ಲೆಕ್ಕವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಲಗೋರಿಗೆ ಕನಿಷ್ಠ ಆರೇಳು ಜನ ಬೇಕು. ಮೊದಲು ಎರಡು ಮನೆ ಸೇರಿದರೆ ಎರಡು ತಂಡ ಆಗುತ್ತಿತ್ತು. ಈಗ ನಾಲ್ಕೈದು ಮನೆಯವರು ಫೋನ್ ಮಾಡಿಕೊಂಡು, ಟ್ಯೂಷನ್, ಅಬಾಕಸ್, ಕರಾಟೆ ನಡುವೆ ಒಂದು ಗಂಟೆ ಹೊಂದಿಸಬೇಕು. ಕ್ಲಾಸುಗಳೆಲ್ಲ ಒಂದೇ ವಯಸ್ಸಿನವರಿಗೆ. ಐದರ ಮಗು ಹನ್ನೊಂದರ ಮಗುವನ್ನು ನೋಡಿ ಕಲಿಯುವ ದಾರಿಯೇ ಮುಚ್ಚಿತು. ಲೆಕ್ಕಕ್ಕಿಲ್ಲದ ತಮ್ಮನೇ ಇಲ್ಲ ಈಗ.

ಅಮೆರಿಕದ ಮನಃಶಾಸ್ತ್ರಜ್ಞ ಪೀಟರ್ ಗ್ರೇ 2011ರ ಒಂದು ಲೇಖನದಲ್ಲಿ, ಐವತ್ತರ ದಶಕದ ಈಚೆಗೆ ಅಲ್ಲಿ ಮಕ್ಕಳ ಸ್ವತಂತ್ರ ಆಟ ಕಡಿಮೆಯಾಗುತ್ತಾ ಬಂದಿದೆ, ಅದೇ ಅವಧಿಯಲ್ಲಿ ಆತಂಕ, ಖಿನ್ನತೆ ಹೆಚ್ಚಿವೆ ಅಂತ ಬರೆದರು. ಎರಡೂ ಜೊತೆಗೆ ನಡೆದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಾಗಲ್ಲ, ಆ ಎಚ್ಚರ ಬೇಕು. ಆದರೆ ಗಮನಿಸಿ, ಅವರು ಹೇಳುವ ಇಳಿತ ಶುರುವಾದಾಗ ಮೊಬೈಲ್ ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ‘ನಮ್ಮ ಕಾಲದ ಬೀದಿ’ ಅಂತ ಕಣ್ಣರಳಿಸುವವರು ಆ ಬೀದಿಗೆ ಯಾವ ಕೇರಿಯ ಮಕ್ಕಳು ಬರುತ್ತಿರಲಿಲ್ಲ ಅಂತಲೂ ನೆನಪಿಸಿಕೊಳ್ಳಬೇಕು. ಮೈನೆರೆದ ದಿನವೇ ಕುಂಟೆಬಿಲ್ಲೆ ಬಿಟ್ಟ ಹುಡುಗಿಯರನ್ನೂ. ಮಗು ಕಂಕುಳಲ್ಲಿ ಇಟ್ಟುಕೊಂಡೇ ಆಡಬೇಕಾದ ಅಕ್ಕಂದಿರಿಗೆ ಕೂತಲ್ಲೇ ಆಡುವ ಐದು ಕಲ್ಲು, ಅಳಗುಳಿ ಮಣೆ ಹೆಚ್ಚು ಒಗ್ಗಿದ್ದು ಆಕಸ್ಮಿಕ ಇರಲಾರದು. ಮಕ್ಕಳ ಯಜಮಾನಿಕೆಯ ಬೀದಿಯಲ್ಲೂ ದೊಡ್ಡವರ ಊರಿನ ಗೆರೆಗಳೇ ಇದ್ದವು.

ಉಳಿಸುವವರ ಕೈಯಲ್ಲಿ

ಆಟ ಉಳಿಸುವುದು ಅಂದರೆ ಸಾಮಾನ್ಯವಾಗಿ ಕಬಡ್ಡಿಗೆ ಮಾಡಿದ್ದನ್ನೇ ಮಾಡುವುದು. ಊರೂರಿಗೂ ಬೇರೆ ನಿಯಮ, ಬೇರೆ ಹೆಸರು ಇದ್ದ ಆಟ ಅದು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರದ ವ್ಯಾಯಾಮ ಮಂಡಳಿಗಳು ಅದಕ್ಕೊಂದು ನಿಯಮಾವಳಿ ಕೊಟ್ಟವು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್ ಸೇರಿತು, 2014ರಲ್ಲಿ ಟಿವಿ ಲೀಗ್ ಆಯಿತು. ಖೋಖೋಗೂ 2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ ನಡೆದು, ಗಂಡಸರದ್ದೂ ಹೆಂಗಸರದ್ದೂ ಎರಡೂ ನಾವೇ ಗೆದ್ದೆವು. ನನಗೆ ಖುಷಿಯೇ. ಹಳ್ಳಿಯ ಎಷ್ಟೋ ಹುಡುಗ ಹುಡುಗಿಯರಿಗೆ ಕೆಲಸ, ಹೆಸರು ಸಿಕ್ಕಿತು. ಆದರೆ ಅದು ಕ್ರೀಡೆ. ಅಲ್ಲಿ ನಿಯಮ ಮೊದಲೇ ಇದೆ, ಹುಡುಗರು ಆಮೇಲೆ ಬರುತ್ತಾರೆ. ಶಾಲೆಗೆ 75 ಆಟ ತರುವಾಗ ಅವನ್ನು ಪಿಟಿ ಪೀರಿಯಡ್ಡಿನ 75 ಪಾಠ ಮಾಡಿದರೆ, ಹೆಸರು ಉಳಿಯುತ್ತೆ, ನಮ್ಮ ಅಪಾರ್ಟ್‌ಮೆಂಟಿನ ಲಗೋರಿಯ ಹಾಗೆ.

ಫೋನಿನ ಲೂಡೋ ಮಾಡುವುದೂ ಇದನ್ನೇ, ಇನ್ನೂ ನೀಟಾಗಿ. ದಾಳ ಅದೇ ಹಾಕುತ್ತೆ, ಮನೆ ಅದೇ ಎಣಿಸುತ್ತೆ. ಕಳ್ಳಾಟಕ್ಕೆ ಜಾಗವೇ ಇಲ್ಲ. ಕಳ್ಳಾಟ ಇಲ್ಲದ ಮೇಲೆ ಅದನ್ನು ಹಿಡಿಯುವ ಕಣ್ಣೂ ಬೇಕಿಲ್ಲ, ‘ಹೋಗ್ಲಿ ಬಿಡು, ಈ ಸಲ ನಿಂದೇ’ ಅನ್ನುವ ದೊಡ್ಡ ಮನಸ್ಸೂ ಬೇಕಿಲ್ಲ. ಹಾಗಂತ ಸ್ಕ್ರೀನಿನಲ್ಲಿ ಎಲ್ಲವೂ ಹೀಗೇ ಅಲ್ಲ. ಜೊತೆಯಾಗಿ ಮನೆ, ಊರು ಕಟ್ಟುವ ಮೈನ್‌ಕ್ರಾಫ್ಟ್ ಗೇಮ್ ಆಡುವ ಮಕ್ಕಳ ಮಾತು ಒಂದು ಗಂಟೆ ಕೇಳಿ. ಯಾರ ಮನೆಗೆ ಯಾರು ಬರಬಹುದು, ಕದ್ದರೆ ಏನು ಶಿಕ್ಷೆ, ಹೊಸಬನನ್ನು ಸೇರಿಸಿಕೊಳ್ಳಬೇಕಾ ಬೇಡವಾ ಅಂತ ಪಂಚಾಯ್ತಿ ನಡೆದೇ ಇರುತ್ತೆ. ಪಿಯಾಜೆ ಈಗ ಇದ್ದಿದ್ದರೆ ಗೋಲಿ ಬಿಟ್ಟು ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಿದ್ದರೇನೋ. ‘ಸ್ಕ್ರೀನ್ ಟೈಮ್’ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಸರಿ ಕಾಣಲ್ಲ.

ದೊಡ್ಡವರು ಏನೂ ಮಾಡಬಾರದು ಅಂತಲೂ ಅಲ್ಲ. 1943ರಲ್ಲಿ ಜರ್ಮನರ ವಶದಲ್ಲಿದ್ದ ಡೆನ್ಮಾರ್ಕ್‌ನ ಕೋಪನ್‌ಹೇಗನ್ ಹತ್ತಿರ ಎಮ್‌ಡ್ರಪ್‌ನಲ್ಲಿ ಒಂದು ವಿಚಿತ್ರ ಮೈದಾನ ತೆರೆಯಿತು. ಅದನ್ನು ಯೋಚಿಸಿದವರು ಸಿ. ಟಿ. ಸೋರೆನ್ಸೆನ್ ಅನ್ನುವ ಉದ್ಯಾನ ವಿನ್ಯಾಸಕಾರ. ತಾವು ಅಷ್ಟು ಮುತುವರ್ಜಿಯಿಂದ ಮಾಡಿಕೊಟ್ಟ ಆಟದ ಮೈದಾನಗಳಿಗಿಂತ ಕಟ್ಟಡದ ಕೆಲಸ ನಡೆಯುವ ಜಾಗಗಳೇ ಮಕ್ಕಳಿಗೆ ಇಷ್ಟ ಅನ್ನುವುದನ್ನು ಅವರು ಗಮನಿಸಿದ್ದರು. ಹಾಗಾಗಿ ಇಲ್ಲಿ ಜಾರುಬಂಡೆ ಇಲ್ಲ, ಉಯ್ಯಾಲೆ ಇಲ್ಲ. ಹಲಗೆ, ಇಟ್ಟಿಗೆ, ಹಗ್ಗ, ಮೊಳೆ, ಸುತ್ತಿಗೆ, ಮಣ್ಣು. ಒಬ್ಬ ಮೇಲ್ವಿಚಾರಕ ಇರುತ್ತಿದ್ದ, ಏನು ಆಡಬೇಕು ಅಂತ ಮಾತ್ರ ಹೇಳುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಲೇಡಿ ಆ್ಯಲನ್ ಅನ್ನುವವರು ಇದನ್ನು ನೋಡಿ, ಬಾಂಬಿಗೆ ಕುಸಿದ ಲಂಡನ್ನಿನ ಖಾಲಿ ಜಾಗಗಳಿಗೆ ಈ ಐಡಿಯಾ ಕೊಂಡೊಯ್ದರು. 2009ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಬೀದಿಯ ಅಪ್ಪ ಅಮ್ಮಂದಿರು ಇನ್ನೂ ಸರಳವಾದದ್ದು ಮಾಡಿದರು. ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬೀದಿಯ ಎರಡೂ ತುದಿಗೆ ನಿಂತು ಕಾರು ತಡೆದರು. ಅಷ್ಟೇ. ನಡುವೆ ಏನು ಆಡಬೇಕು ಅನ್ನುವುದು ಮಕ್ಕಳಿಗೆ ಬಿಟ್ಟದ್ದು.

ನಮ್ಮ ಅಪಾರ್ಟ್‌ಮೆಂಟಿನ ಏಳು ಮರದ ಬಿಲ್ಲೆ ಈಗ ಸೆಕ್ಯುರಿಟಿ ರೂಮಿನ ಶೆಲ್ಫಿನಲ್ಲಿವೆ, ಮುಂದಿನ ವರ್ಷದ ದೇಸಿ ದಿನಕ್ಕೆ. ಮಕ್ಕಳು ಆಡುತ್ತಿರುವುದು ಬೇರೆ. ಅದಕ್ಕೆ ‘ಲಿಫ್ಟಾಟ’ ಅಂತ ಹೆಸರಿಟ್ಟಿದ್ದಾರೆ. ಒಂದು ತಂಡ ಲಿಫ್ಟಿನಲ್ಲಿ, ಇನ್ನೊಂದು ಮೆಟ್ಟಿಲಲ್ಲಿ, ಐದನೇ ಮಹಡಿಯಿಂದ ಕೆಳಗೆ ಯಾರು ಮೊದಲು ಬರ್ತಾರೆ ಅಂತ. ಮಧ್ಯದಲ್ಲಿ ಯಾರಾದರೂ ದೊಡ್ಡವರು ಬಟನ್ ಒತ್ತಿ ಲಿಫ್ಟ್ ನಿಂತರೆ ಮೆಟ್ಟಿಲಿನವರೂ ಅಲ್ಲೇ ನಿಲ್ಲಬೇಕಂತೆ, ಅದು ಟೈಂ ಪ್ಲೀಸ್ ಲೆಕ್ಕ. ಹೋದ ವಾರ ಅಸೋಸಿಯೇಷನ್ನಿನ ಗುಂಪಿಗೆ ಮೆಸೇಜ್ ಬಂತು: ‘ಲಿಫ್ಟ್ ಬಳಿ ಮಕ್ಕಳು ಆಡುವುದನ್ನು ನಿಷೇಧಿಸಲಾಗಿದೆ’. ನಿನ್ನೆ ಸಂಜೆ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಆರು ಮಕ್ಕಳು ತಲೆಗೆ ತಲೆ ಕೊಟ್ಟು ಕೂತಿದ್ದರು. ಲಿಫ್ಟ್ ಇಲ್ಲದೆ ಲಿಫ್ಟಾಟ ಆಡುವುದು ಹೇಗೆ ಅಂತ ವಾದ ನಡೆದಿತ್ತು. ನನ್ನನ್ನು ನೋಡಿ ಮಾತು ನಿಲ್ಲಿಸಿದರು.